ಮೂಲೆಯಲ್ಲಿ ಸೋರಿದ ಬೆಳಕು

ನಾನು ಒಂದು ಲ್ಯಾಪ್‌ಟಾಪ್. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಪರದೆಯನ್ನು ಚೌಕಟ್ಟಿಗೆ ಕೂರಿಸುವಾಗ ಎಡಗಡೆಯ ಕೆಳಮೂಲೆಯನ್ನು ಯಾರೋ ತುಸು ಹೆಚ್ಚೇ ಬಿಗಿದುಬಿಟ್ಟರು. ಪರದೆಯ ಹಿಂದೆ ಉರಿಯುವ ದೀಪದ ಬೆಳಕು ಅಂದಿನಿಂದ ಆ ಮೂಲೆಯಲ್ಲಿ ಸೋರತೊಡಗಿತು. ಬಿಳಿ ಚಿತ್ರವಿದ್ದರೆ ಯಾರಿಗೂ ತಿಳಿಯದು. ಕಪ್ಪು ಬಂದರೆ ಮಾತ್ರ ಅಲ್ಲಿ ಹಾಲು ಚೆಲ್ಲಿದಂತೆ ಕಾಣುತ್ತದೆ. ತಪ್ಪು ಅವರದು, ಬೈಗುಳ ನನಗೆ.

ನಾನು ಬಂದಿಳಿದದ್ದು ಬೆಟಗೇರಿಯ ಒಂದು ಸಣ್ಣ ಫೋಟೋ ಸ್ಟುಡಿಯೋಕ್ಕೆ. ಒಡತಿ ನೀಲಾ. ಹಳೆಯ ಫೋಟೋಗಳನ್ನು ತಿದ್ದಿ, ದೊಡ್ಡದು ಮಾಡಿ, ಕಟ್ಟು ಹಾಕಿಸಿಕೊಡುವುದು ಅವಳ ಕಸುಬು. ಡಬ್ಬಿಯಿಂದ ಹೊರಬಂದದ್ದೇ ತಡ, ಅವಳ ಅತ್ತೆ ಚಂದ್ರವ್ವ ಅರಿಶಿನ ಕುಂಕುಮವನ್ನು ನೀರಲ್ಲಿ ಕಲಸಿ ನನ್ನ ನಾಲ್ಕೂ ಮೂಲೆಗೆ ಹಚ್ಚಿ, ಊದುಬತ್ತಿ ಬೆಳಗಿದಳು. ನನಗೋ ಎಲ್ಲಿಲ್ಲದ ಜಂಬ. ಮದುಮಗನ ಹಾಗೆ ಮೇಜಿನ ಮೇಲೆ ಕೂತೆ.

ಮೊದಲ ಕೆಲಸ ತಂದವಳು ಹುಲಿಗೆವ್ವ. ಅವಳ ತಾಯಿ ಫಕೀರವ್ವ ತೀರಿಕೊಂಡಿದ್ದಳು. ತಾಯಿಯದೆಂದು ಇದ್ದದ್ದು ಒಂದೇ ಫೋಟೋ, ಅದೂ ದೊಡ್ಡಪ್ಪನ ಮನೆಯ ಮದುವೆಯ ಗುಂಪಿನಲ್ಲಿ ತೆಗೆದದ್ದು. ಕಪ್ಪು ಸೀರೆಯುಟ್ಟ ಫಕೀರವ್ವ ಎಡತುದಿಯಲ್ಲಿ ನಿಂತಿದ್ದಳು. ನೀಲಾ ಅವಳನ್ನು ದೊಡ್ಡದು ಮಾಡಿ ನನ್ನ ಪರದೆಯ ತುಂಬ ಹರಡಿದಳು. ಕೆಳಮೂಲೆ ಮಸುಕಾಗಿ ಬೆಳ್ಳಗಿತ್ತು. ಹಳೆಯ ಕಾಗದ, ಬಣ್ಣ ಹೋಗಿದೆ ಎಂದುಕೊಂಡು ಆ ಮೂಲೆಯ ಕಪ್ಪನ್ನು ಗಾಢ ಮಾಡಿದಳು. ಕಣ್ಣಿಗೆ ಸರಿ ಕಾಣುವವರೆಗೂ ಮಾಡಿದಳು. ಅಲ್ಲಮ್ಮಾ, ಅದು ಫೋಟೋದ್ದಲ್ಲ, ನನ್ನದು ಎಂದು ಹೇಳಲು ನನಗೆ ಬಾಯೆಲ್ಲಿ?

ಪ್ರಿಂಟ್ ನೋಡಿ ಹುಲಿಗೆವ್ವನ ಮುಖ ಬಿಳಿಚಿತು.

"ನಮ್ಮವ್ವನ ಕೈ ಎಲ್ಲೈತ್ರಿ?"

ಅಲ್ಲಿ ಕೈ ಇರಲಿಲ್ಲ. ಬರೀ ಕಪ್ಪು.

"ಆ ಕೈಯಾಗ ಒಂದು ಕೂಸಿನ ಕೈ ಇತ್ತಲ್ರಿ. ಅದು ನಂದು. ನಾನು ಫೋಟೋದಿಂದ ಹೊರಗ ಉಳದೀನಿ, ಕೈ ಅಷ್ಟ ಒಳಗೈತಿ. ಅವ್ವನ ಜೋಡಿ ನಂದು ಬ್ಯಾರೆ ಫೋಟೋನ ಇಲ್ರಿ. ನಾಳೆ ಮುಂಜಾನೆ ಅವ್ವನ ದಿನದ ಕಾರ್ಯ ಐತಿ, ಈ ಫೋಟೋಕ್ಕ ಮಾಲಿ ಹಾಕಿ ನೈವೇದ್ಯದ ಎಡಿ ಹಿಡೀಬೇಕು. ಹಳೀದನ್ನ ದೊಡ್ಡಪ್ಪನ ಮನ್ಯಾವ್ರು ಇವತ್ತ ಸಂಜೀಕ ಹೊಳ್ಳಿ ಕೊಡು ಅಂದಾರ."

ನೀಲಾ ತಿದ್ದಿದ ಚಿತ್ರವನ್ನು ಮತ್ತೆ ತೆರೆದಳು. ನನ್ನ ಪರದೆಯ ಮೇಲೆ ಕೈ ಕಾಣುತ್ತಿತ್ತು, ಕಾಗದದ ಮೇಲೆ ಇಲ್ಲ. ಚಿತ್ರವನ್ನು ಅತ್ತ ಸರಿಸಿದಳು. ಚಿತ್ರ ಸರಿಯಿತು, ಬಿಳಿ ಮಾತ್ರ ಮೂಲೆಯಲ್ಲೇ ಉಳಿಯಿತು. ಹಾಡುಹಗಲೇ ಅಂಗಡಿಯ ಶಟರ್ ಎಳೆದು, ಪರದೆಯನ್ನೆಲ್ಲ ಕಪ್ಪು ಮಾಡಿ ನೋಡಿದಳು. ಕತ್ತಲಲ್ಲಿ ನನ್ನ ಗುಟ್ಟು ರಟ್ಟಾಯಿತು. ನಾಚಿಕೆಯಿಂದ ಸತ್ತೇಹೋದೆ.

ಫೋನು ಮಾಡಿದ ಮೇಲೆ ಮಧ್ಯಾಹ್ನ ಕಂಪನಿಯವನು ಬಂದ. ಚೀಲದಲ್ಲಿ ನನ್ನದೇ ರೂಪದ ಇನ್ನೊಂದಿತ್ತು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವನು ನನ್ನನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಕ್ಕಾರ, ಬದ್ಲಿ ಕೊಡಬೇಕಂದ್ರ ಮಶೀನು ಬಂದಂಗ ಇರಬೇಕ್ರಿ. ಸಂದ್ಯಾಗೆಲ್ಲಾ ಕುಂಕುಮ ಇಳದೈತಿ. ಒಯ್ಯಾಕ ಬರೂದಿಲ್ರಿ."

ಅವನು ಹೊರಟುಹೋದ. ಚಂದ್ರವ್ವ ಸೆರಗಿನಿಂದ ನನ್ನನ್ನು ತಿಕ್ಕಿದ್ದೇ ತಿಕ್ಕಿದ್ದು. "ಛಲೋ ಆಗಲೆಂತ ಹಚ್ಚಿದ್ನೆವ್ವಾ, ನನ್ನ ಕೈ ಸೇದಿ ಹೋಗ್ಲಿ!"

"ಸುಮ್ನಿರ್ರಿ ಅತ್ತಿ, ಹಂಗ್ಯಾಕ ಅಂತೀರಿ," ಎಂದಳು ನೀಲಾ. ಮೆತ್ತನೆಯ ಬಟ್ಟೆಯಿಂದ ನನ್ನ ಅಂಚನ್ನು ಒತ್ತಿ ನೀವಿದಳು. ಬೆಳಕು ತುಸು ತಗ್ಗಿತು, ಬೆರಳು ತೆಗೆದರೆ ಮತ್ತೆ ಬಂತು. ಸ್ಕ್ರೂಡ್ರೈವರ್ ಎತ್ತಿಕೊಂಡಳು. ಅದರ ತುದಿ ನನ್ನ ಚೌಕಟ್ಟಿಗೆ ತಾಗಿದಾಗ ಜೀವ ಬಾಯಿಗೆ ಬಂತು. ಗಾಜು ಒಡೆದರೆ ನಾನೂ ಇಲ್ಲ, ಫಕೀರವ್ವನ ಕೈಯೂ ಇಲ್ಲ. ಹೊರಗೆ ಬಿಸಿಲು ಇಳಿಯುತ್ತಿತ್ತು. ಬೆಂಚಿನ ಮೇಲೆ ಹುಲಿಗೆವ್ವ ಕದಲದೆ ಕೂತಿದ್ದಳು.

ನೀಲಾ ಸ್ಕ್ರೂಡ್ರೈವರ್ ಕೆಳಗಿಟ್ಟಳು. ಪರದೆಯ ಬೆಳಕು ತಗ್ಗಿಸಿದಳು. ಹಳೆಯ ಫೋಟೋವನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡಿ, ಆ ಕೈಯನ್ನು ಮೂಲೆಯಿಂದ ತಂದು ನನ್ನ ನಟ್ಟನಡುವೆ ಇಟ್ಟಳು. ನಡುವೆ ನಾನು ಯಾರಿಗೂ ಕಡಿಮೆಯಿಲ್ಲ. ಅಲ್ಲಿ ಕಪ್ಪು ಕಪ್ಪಾಗಿಯೇ ಇತ್ತು. ಸೀರೆಯ ಕಪ್ಪಿನಿಂದ ಮೊದಲು ಬಳೆ, ಆಮೇಲೆ ಬೆರಳು, ಬೆರಳೊಳಗೆ ಒಂದು ಪುಟ್ಟ ಮುಷ್ಟಿ ಮೇಲೆದ್ದು ಬಂದವು.

ಹುಲಿಗೆವ್ವ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಕಂಪ್ಯೂಟರಿನಾಗ ಎಲ್ಲಾ ಮಾಡ್ತಾರಂತಲ್ರಿ. ನನ್ನ ಮಾರಿನೂ ಮಾಡಿ ಅವ್ವನ ಬಾಜೂ ಕೂಡಿಸಾಕ ಬರ್ತೈತೇನ್ರಿ?"

"ಬರ್ತೈತ್ರಿ," ಎಂದಳು ನೀಲಾ. "ಆದ್ರ ಆ ಕೂಸು ನೀವಾಗಿರೂದಿಲ್ರಿ."

ಹುಲಿಗೆವ್ವ ತನ್ನ ಒರಟು ಅಂಗೈಯನ್ನು ಪರದೆಗೆ, ಆ ಪುಟ್ಟ ಮುಷ್ಟಿಯ ಮೇಲೆ ಒತ್ತಿ ಹಿಡಿದಳು. ಆಗ ಅತ್ತಳು.

"ಹಂಗಾರ ಬ್ಯಾಡ್ರಿ. ಕೈ ಸಾಕ್ರಿ."

ಈಗ ನನಗೆ ವಯಸ್ಸಾಗಿದೆ. ಕೀಲಿಗಳ ಅಕ್ಷರ ಅಳಿಸಿವೆ, ಬ್ಯಾಟರಿ ನಿಲ್ಲುವುದಿಲ್ಲ. ಕಪಾಟಿನ ಮೇಲೆ ಮಲಗಿ, ನನ್ನ ಜಾಗದಲ್ಲಿ ಕೂತ ಹೊಸದನ್ನು ನೋಡುತ್ತಿರುತ್ತೇನೆ. ಬಂದವರೆಲ್ಲ ಅದರ ಪರದೆಯನ್ನು ಹೊಗಳುತ್ತಾರೆ. ಹೊಗಳಲಿ, ಅದರಲ್ಲಿ ಒಂದು ಕಲೆಯೂ ಇಲ್ಲ. ಆದರೆ ಅದನ್ನು ಇನ್ನೂ ಯಾರೂ ಹಾಗೆ ಮುಟ್ಟಿಲ್ಲ.