ಅಪ್ಪನ ಬಾಲ

ಬಲಗೆನ್ನೆಯ ನೊರೆ ಒರೆಸಿ, ಮಗ ಕ್ಷೌರದ ಕತ್ತಿಯನ್ನು ಅಪ್ಪನ ಮೂಗಿನ ಕೆಳಗೆ ತಂದು ನಿಲ್ಲಿಸಿದ. ಅಲ್ಲಿ ಅಡ್ಡವಾಗಿ ಏನೂ ಇರಲಿಲ್ಲ. ನಾಲ್ಕು ವರ್ಷದಿಂದ ಆಕ್ಸಿಜನ್ ಕೊಳವೆಯನ್ನು ಒಂದು ಬೆರಳಲ್ಲಿ ಎತ್ತಿ ಹಿಡಿದೇ ಅವನು ಅಪ್ಪನಿಗೆ ಕ್ಷೌರ ಮಾಡಿದ್ದ. ಈಗಲೂ ಎಡಗೈ ಬೆರಳು ತಾನಾಗಿಯೇ ಕೊಕ್ಕೆಯಾಗಿತ್ತು.

"ನಿಧಾನಕ್ಕೆ ಮಾಡಪ್ಪ, ಗಾಡಿ ಬರೋಕೆ ಇನ್ನೂ ಹೊತ್ತಿದೆ," ಎಂದ ಬಾಗಿಲ ಬಳಿ ನಿಂತಿದ್ದ ಅಂಚೆಯವನು. ಅಪ್ಪನ ಅಂಗಡಿಗೆ ಹಳೆಯ ಗಿರಾಕಿ. "ನನ್ನ ತಲೇಲಿ ನಾಲ್ಕು ಕೂದಲು ಉಳಿದಿದ್ರೂ ಅರ್ಧ ಗಂಟೆ ಕೂರಿಸ್ತಿದ್ರು. ಕತ್ತರಿಸೋದು ಐದು ನಿಮಿಷ, ಮಿಕ್ಕಿದ್ದೆಲ್ಲ ನನ್ನನ್ನ ಆಡ್ಕೊಳ್ಳೋದು."

ನೆರೆದವರು ಮೆಲ್ಲಗೆ ನಕ್ಕರು. ಮಗ ನಗಲಿಲ್ಲ. ಬೆಳಿಗ್ಗೆ ಅಮ್ಮ ಎಬ್ಬಿಸಿದಾಗ ಓಡಿ ಬಂದು ನೋಡಿದರೆ, ಅಪ್ಪ ಮಂಚದಲ್ಲಿ ತಣ್ಣಗಾಗಿದ್ದರು. ಮೂಲೆಯಲ್ಲಿ ಆಕ್ಸಿಜನ್ ಯಂತ್ರ ಗುಂಯ್‌ಗುಡುತ್ತಲೇ ಇತ್ತು. ಕೊಳವೆ ಮಾತ್ರ ಜಾಯಿಂಟಿನ ಹತ್ತಿರ ಕಳಚಿ ನೆಲಕ್ಕೆ ಗಾಳಿ ಊದುತ್ತಿತ್ತು. ಆ ಜಾಯಿಂಟನ್ನು ಹಿಂದಿನ ದಿನ ಹಾಕಿದ್ದವನು ಅವನೇ.

* * *

ಮುಂದೆ ಅಂಗಡಿ, ಹಿಂದೆ ಮನೆ. ಒಳಕೋಣೆಯ ಯಂತ್ರದಿಂದ ಹೊರಟ ಕೊಳವೆ ನಡುಬಾಗಿಲು ದಾಟಿ ಮೊದಲನೇ ಕುರ್ಚಿಯವರೆಗೆ ಬರುತ್ತಿತ್ತು. ಅಪ್ಪ ಅಲ್ಲಿ ಕತ್ತರಿ ಆಡಿಸುತ್ತಿದ್ದರು. ಎರಡನೇ ಕುರ್ಚಿ ಮಗನದು. ಕೊಳವೆಗೆ ಮನೆಯವರು ಬಾಲ ಎಂದು ಹೆಸರಿಟ್ಟಿದ್ದರು. ಯಾರು ಒಳಗೆ ಬಂದರೂ ಅಮ್ಮ, "ಬಾಲ ನೋಡ್ಕೊಂಡು," ಎನ್ನುತ್ತಿದ್ದಳು. ಬಂದವರು ಕಾಲೆತ್ತಿ ದಾಟುತ್ತಿದ್ದರು.

"ಬಾಲಕ್ಕೆ ಇನ್ನೊಂದು ಮಾರು ಕೊಡೋ," ಎಂದಿದ್ದರು ಅಪ್ಪ ನಿನ್ನೆ ಮಧ್ಯಾಹ್ನ. "ಬಾಗಿಲಲ್ಲಿ ನಿಂತು ರಸ್ತೆ ನೋಡ್ಬೇಕು. ಕನ್ನಡೀಲಿ ನೋಡಿ ನೋಡಿ, ಬೋರ್ಡುಗಳನ್ನೆಲ್ಲ ತಿರುಗಾಮುರುಗಾ ಓದೋದೇ ಅಭ್ಯಾಸ ಆಗ್ಬಿಟ್ಟಿದೆ."

ಮಗ ಹೊಸ ತುಂಡು ತಂದು ಸೇರಿಸಿದ. ಅಪ್ಪ ಬಾಗಿಲವರೆಗೆ ಹೋಗಿ, ಚೌಕಟ್ಟು ಹಿಡಿದು ನಿಂತು, "ಛತ್ರಿ ರಿಪೇರಿ," ಎಂದು ಎದುರಂಗಡಿಯ ಬೋರ್ಡನ್ನು ಗಟ್ಟಿಯಾಗಿ ಓದಿದರು. ಆಮೇಲೆ ಸೈಕಲ್ಲಿನಲ್ಲಿ ಹೊರಟಿದ್ದ ಅಂಚೆಯವನನ್ನು ತಡೆದು, "ಏನಯ್ಯಾ, ಟೋಪಿ ಹಾಕ್ಕೋಬಾರದಾ? ಎದುರಿಗೆ ಬರೋರ ಕಣ್ಣು ಕುಕ್ಕುತ್ತೆ," ಎಂದು ರೇಗಿಸಿದರು. ಅಪ್ಪ ಅಷ್ಟು ಗೆಲುವಾಗಿದ್ದುದನ್ನು ಮಗ ಬಹಳ ದಿನದಿಂದ ಕಂಡಿರಲಿಲ್ಲ.

* * *

ಮಣ್ಣು ಮಾಡಿ ಬಂದ ಮೇಲೆ ಒಬ್ಬೊಬ್ಬರೇ ಹೊರಟುಹೋದರು. ಅಮ್ಮ ಮೊದಲನೇ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದಳು.

"ಅಮ್ಮಾ, ಆ ಜಾಯಿಂಟನ್ನ ನಾನು ಸರಿಯಾಗಿ ಬಿಗಿ ಮಾಡಿರ್ಲಿಲ್ಲ." ಮಗ ಹೇಳಿದ. "ಅದು ಕಳಚ್ಕೊಂಡೇ ಅಪ್ಪ ಹೋದ್ರು. ನನ್ನಿಂದಲೇ."

ಅಮ್ಮ ಅವನ ಮುಖವನ್ನೇ ನೋಡಿದಳು.

"ಬೆಳಗಿಂದ ಇದನ್ನ ಹೊಟ್ಟೇಲಿಟ್ಕೊಂಡು ಓಡಾಡ್ತಿದ್ಯಾ? ಅದೆಲ್ಲಿ ಕಳಚ್ತು? ಎರಡೂ ಕೈಯಲ್ಲಿ ಎಳೆದ್ರೂ ಬರ್ಲಿಲ್ಲ. ಮೊಣಕಾಲಲ್ಲಿ ಒತ್ತಿ ಹಿಡಿದು ಕಿತ್ತೆ."

"ನೀನಾ?"

"ನಾನು ಎದ್ದಾಗಲೇ ಅವರು ಹೋಗಿದ್ರು ಕಣೋ, ನಿದ್ದೇಲೇ. ಗಾಳಿ ಬರ್ತಾನೇ ಇತ್ತು. ಹೋದವರ ಮೂಗಿಗೆ ಅದು ಊದ್ತಾ ಇರೋದು ನೋಡೋಕಾಗ್ಲಿಲ್ಲ. ಮೂಗಿಂದ ತೆಗೆಯೋಕೂ ಮನಸ್ಸು ಬರ್ಲಿಲ್ಲ, ಅದಿಲ್ದೇ ಆ ಮುಖ ನೋಡಿ ಎಷ್ಟು ಕಾಲ ಆಯ್ತು. ಮಿಷಿನ್ ಸ್ವಿಚ್ ಮಾತ್ರ ಮುಟ್ಟಬೇಡ ಅಂತ ನೀನೇ ಹೇಳಿದ್ಯಲ್ಲ. ಅದಕ್ಕೆ ಜಾಯಿಂಟನ್ನ ಕಿತ್ತು, ಬಂದು ನಿನ್ನನ್ನ ಎಬ್ಬಿಸಿದೆ."

ಮಗ ಎರಡನೇ ಕುರ್ಚಿಯಲ್ಲಿ ಕುಸಿದು ಕೂತ. ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಬೆಳಗಿನಿಂದ ಬಾರದಿದ್ದ ಅಳು ಒಮ್ಮೆಲೇ ಬಂತು. ಅಮ್ಮ ಎದ್ದು ಬಂದು ಅವನ ತಲೆ ಸವರಿದಳು.

"ಬಾಗಿಲಲ್ಲಿ ನಿಂತು ರಸ್ತೆ ನೋಡಿದ್ದನ್ನೇ ಊಟ ಮುಗಿಯೋವರೆಗೂ ಹೇಳಿದ್ರು," ಎಂದಳು. "ಕೂದಲು ಎಷ್ಟು ಬೆಳೆದಿದೆ ನೋಡು. ಇನ್ನು ನಿನಗೆ ಯಾರು ಕತ್ತರಿಸ್ತಾರೋ. ಏಳು, ಒಂದು ತುತ್ತು ತಿನ್ನು."

ಕೊಳವೆಯನ್ನು ಬೆಳಿಗ್ಗೆಯೇ ಸುತ್ತಿ ಮೊಳೆಗೆ ನೇತುಹಾಕಿದ್ದರು. ನೆಲ ಬರಿದಾಗಿತ್ತು. ಮುಂದೆ ಹೊರಟ ಅಮ್ಮ ನಡುಬಾಗಿಲಲ್ಲಿ ಕಾಲೆತ್ತಿ ದಾಟಿ, ತಿರುಗಿ ನೋಡದೆಯೇ, "ಬಾಲ ನೋಡ್ಕೊಂಡು," ಎಂದಳು.

ಮಗ ಕಣ್ಣೊರೆಸಿಕೊಂಡು, ಕಾಲೆತ್ತಿ ದಾಟಿದ.