ವಾಲಗದವರು ಬರುವ ತನಕ

“ಸ್ಪೀಡು ಕಣಕ್ಕ, ಸ್ಪೀಡು! ರಾಕ್ ಬಾರ್ಸೋನ ಬೆರಳು ಕಣ್ಣಿಗೇ ಕಾಣ್ಬಾರ್ದು. ಅವ್ನೇ ದೊಡ್ಡ ಗಿಟಾರಿಸ್ಟು,” ಎಂದ ತೇಜಸ್.

“ಹೋಗೋ! ಒಂದೇ ಒಂದು ಸ್ವರ ಎಳ್ದು ನಿಲ್ಸಿ ಕಣ್ಣಲ್ಲಿ ನೀರು ತರಿಸ್ಲಿ ನೋಡಾಣ,” ಎಂದಳು ರಂಜಿತಾ. ಕರ್ನಾಟಕ ಸಂಗೀತವನ್ನು ಗಿಟಾರಿನಲ್ಲಿ ನುಡಿಸುವುದೆಂದರೆ ಅವಳಿಗೆ ಜೀವ. ತಂಗಿಯ ಆರತಕ್ಷತೆಗೆ ನುಡಿಸಲೆಂದು ಕುಶಾಲನಗರದ ಮದುವೆ ಮಂಟಪದಲ್ಲಿ ವೇದಿಕೆ ಹತ್ತಿದ ಅಕ್ಕ ತಮ್ಮ, ನುಡಿಸುವುದು ಬಿಟ್ಟು ಕೋಳಿ ಜಗಳಕ್ಕೆ ನಿಂತಿದ್ದರು.

ಮುಂದಿನ ಸಾಲಿನಲ್ಲಿ ಅಜ್ಜಿ ಸಿದ್ದಮ್ಮ ಎಲೆಅಡಿಕೆ ಮೆಲ್ಲುತ್ತಿದ್ದಳು. ಲೋಕವೆಲ್ಲ ಮೆಚ್ಚಿದರೂ ರಂಜಿತಾಳಿಗೆ ಸಾಲದು, ಈ ಅಜ್ಜಿಯೊಬ್ಬಳು ಮೆಚ್ಚಬೇಕು. ಅಜ್ಜಿಯೋ, “ಅದೇನವ್ವ ಟಿಣಿಟಿಣಿ” ಎಂದು ಪ್ರತಿ ಸಲವೂ ಎದ್ದು ಹೋಗುವವಳು. ಅವಳಿಗೆ ವಾಲಗವೇ ಬೇಕು. ಹಾಸನದ ಕಡೆಯಿಂದ ಬಂದು ನೆಲೆಸಿದ ಮನೆತನವಾದರೇನಂತೆ, ಡೋಲಿನ ಸದ್ದಿಗೆ ಕುಣಿಯದೆ ಮದುವೆ ಮುಗಿಸುವವರು ಕೊಡಗಿನಲ್ಲಿ ಯಾರಿದ್ದಾರೆ? ಆದರೆ ಆ ದಿನ ವಾಲಗದವರ ವ್ಯಾನು ಶನಿವಾರಸಂತೆಯಿಂದ ಬರುವ ದಾರಿಯಲ್ಲಿ ಕೆಟ್ಟು ನಿಂತಿತ್ತು.

“ವಾಲ್ಗ ಇಲ್ದೆ ಇದೂ ಒಂದು ಮದ್ವೆಯಾ? ನಾನು ಮನೀಕತೀನಿ,” ಎಂದು ಅಜ್ಜಿ ಎದ್ದೇಬಿಟ್ಟಳು.

ರಂಜಿತಾ ತಮ್ಮನ ತೋಳು ಹಿಡಿದು ಎಳೆದಳು. “ಲೋ, ಎರಡು ತಂತಿ ಒಂದರ ಮೇಲೊಂದು ಹಾಕಿ ಡ್ರಮ್ ಸದ್ದು ಮಾಡ್ತೀಯಲ್ಲ, ನಿನ್ನ ಮಂಗಾಟ, ಅದನ್ನ ಮಾಡೋ ಈಗ!”

ತೇಜಸ್ ತನ್ನ ಗಿಟಾರಿನ ದಪ್ಪ ತಂತಿಗಳೆರಡನ್ನು ಹೆಣೆದು ಬೆರಳಿನಿಂದ ಒತ್ತಿ ಹಿಡಿದು ಮೀಟಿದ. ಥೇಟ್ ಡೋಲಿನದೇ ಪೆಟ್ಟು! ಅದರ ಮೇಲೆ ರಂಜಿತಾ ವಾಲಗದ ಧಾಟಿಯನ್ನು ಎಳೆದೆಳೆದು ನುಡಿಸಿದಳು. ಮೊದಲು ಮಾವಂದಿರು ಎದ್ದರು, ಆಮೇಲೆ ಕುರ್ಚಿಗಳೇ ಖಾಲಿ. ಬಾಗಿಲ ತನಕ ಹೋಗಿದ್ದ ಅಜ್ಜಿ ಸೆರಗು ಸಿಕ್ಕಿಸಿಕೊಂಡು ವಾಪಸು ಬಂದಳು. ಅಯ್ಯಯ್ಯೋ, ಅದೇನು ಕುಣಿತ! ರಂಜಿತಾಳಿಗೆ ನಗುವೂ ಬಂತು, ಅಳುವೂ ಬಂತು.

“ಈಗ ಹೇಳಕ್ಕ, ಯಾರು ದೊಡ್ಡೋರು?”

“ತೆಪ್ಪಗೆ ಬಾರ್ಸೋ. ಅಜ್ಜಿ ಕಾಲು ನೋಡು.”

ಅಷ್ಟರಲ್ಲಿ ವಾಲಗದವರು ಏದುಸಿರು ಬಿಡುತ್ತ ಒಳಗೆ ಬಂದರು. ಡೋಲು ಹೆಗಲಿಗೇರಿಸಿ ಕೋಲು ಎತ್ತಿದ್ದೇ ತಡ, ಅಜ್ಜಿ ಕುಣಿಯುತ್ತಲೇ ಕೈ ಅಡ್ಡ ಹಿಡಿದಳು.

“ವಸಿ ತಡೀರಪ್ಪ. ಇದು ಮುಗೀಲಿ.”

ಎತ್ತಿದ ಕೋಲನ್ನು ಇಳಿಸಿ ಅವರು ಗೋಡೆಗೊರಗಿ ನಿಂತರು. ಡೋಲಿನವನ ಕಾಲು ಮಾತ್ರ ಸುಮ್ಮನಿರಲಿಲ್ಲ.