ಎಡಬಾಗಿಲ ಮೇಲಿನ ಹೆಸರು

ಗೇಟು ಮಾಡುವವನ ಕೆಲಸವನ್ನು ಯಾರೂ ನೋಡುವುದಿಲ್ಲ. ನೋಡುವುದು ಗೇಟಿನ ಪಕ್ಕದ ಗ್ರಾನೈಟ್ ಕಲ್ಲನ್ನು. ಅದರ ಮೇಲೆ ಮನೆ ಯಜಮಾನನ ಹೆಸರು, ಅವನ ಡಿಗ್ರಿ, ಕೆಲವು ಕಡೆ ನಾಯಿಯ ವಿಷಯ ಕೂಡ ಇರುತ್ತದೆ. ಶಿರಾ ಗೇಟ್ ಅನ್ನುವ ಏರಿಯಾದಲ್ಲಿ ಅಂಗಡಿ ಇಟ್ಟು ನಾನು ಮೂವತ್ತೊಂದು ವರ್ಷದಿಂದ ಗ್ರಿಲ್ಲು, ಗೇಟು ಮಾಡುತ್ತಿದ್ದೇನೆ. ತುಮಕೂರಿನ ಯಾವ ಬಡಾವಣೆಗೆ ಹೋದರೂ ನನ್ನ ಕೈಕೆಲಸ ಎರಡಾದರೂ ಸಿಗುತ್ತದೆ. ಅಜ್ಮತುಲ್ಲಾ ಅನ್ನುವ ಹೆಸರು ಮಾತ್ರ ಎಲ್ಲೂ ಸಿಗುವುದಿಲ್ಲ. ಅದಕ್ಕೆಲ್ಲ ನಾನು ಬೇಜಾರು ಮಾಡಿಕೊಂಡವನಲ್ಲ ಅಂತ ಕೇಳಿದವರಿಗೆ ಹೇಳುತ್ತೇನೆ. ಸುಳ್ಳು. ಬೇಜಾರಿತ್ತು.

ಅದು ಗೊತ್ತಿದ್ದವನು ಯೋಗನರಸಿಂಹ ಒಬ್ಬನೇ. ಗುಬ್ಬಿ ಹೈಸ್ಕೂಲಿನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನು ಈಗ ಔಷಧಿಯ ಹೋಲ್‌ಸೇಲ್ ವ್ಯಾಪಾರಿ. ಊರಿಗೆಲ್ಲ ಯೋಗನರಸಿಂಹ ಸಾರ್, ನನಗೆ ಯೋಗಿ. ಅವನ ಗೃಹಪ್ರವೇಶಕ್ಕೆ ಎಲ್ಲರೂ ಗಡಿಯಾರ, ಸ್ಟೀಲ್ ಪಾತ್ರೆ ತಂದರು. ನಾನು ಗೇಟು ಮಾಡಿಕೊಟ್ಟೆ. ಇವತ್ತಿಗೂ ಬೆರಳಲ್ಲಿ ತಳ್ಳಿದರೆ ಸದ್ದಿಲ್ಲದೆ ತೆರೆದುಕೊಳ್ಳುತ್ತದೆ.

ಐವತ್ತು ಹತ್ತಿರ ಬಂದಾಗ ಕೆಲವರಿಗೆ ಮಂಡಿನೋವು ಬರುತ್ತದೆ. ಯೋಗಿಗೆ ರೇಸು ಬಂತು. ಎರಡು ಬಾಗಿಲಿನ ಹಳೇ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಬೆಂಗಳೂರಿನಿಂದ ತಂದು ಮನೆಯ ಶೆಡ್ಡಿನಲ್ಲಿ ನಿಲ್ಲಿಸಿದ. ಕುಣಿಗಲ್ ಆಚೆ, ಸೈಟು ಮಾರಾಟವಾಗದೆ ಬಿದ್ದಿದ್ದ ಒಂದು ಲೇಔಟಿನ ಮಣ್ಣಿನ ರಸ್ತೆಗಳಲ್ಲಿ ಹವ್ಯಾಸಿಗಳ ಕ್ಲಬ್ಬೊಂದು ರೇಸು ನಡೆಸುತ್ತದಂತೆ. ಒಂದೊಂದೇ ಕಾರು ಓಡಬೇಕು, ಗಡಿಯಾರ ನೋಡಿ ಗೆಲುವು ಹೇಳುತ್ತಾರೆ.

"ಕಾರು ಮಗುಚಿದ್ರೆ ತಲೆ ಉಳೀಬೇಕಲ್ಲ, ಅದಕ್ಕೆ ಒಳಗಡೆ ಪೈಪಿಂದು ಪಂಜರ ಹಾಕ್ಬೇಕು ಕಣೋ ಅಜ್ಮತ್. ಬೇರೆಯವ್ರ ಕೈಲಿ ನಾನ್ ಮಾಡ್ಸಲ್ಲ," ಅಂದ.

"ನಾನ್ ಗೇಟ್ ಮಾಡೋನು ಕಣೋ. ಕಾರಿಂದು ನಂಗೇನ್ ಗೊತ್ತು?"

"ರೂಲ್ ಬುಕ್ ಪೂರ್ತಿ ಓದಿದೀನಿ. ಅಳತೆ ನಾನ್ ಹೇಳ್ತೀನಿ, ನೀನ್ ಮಾಡು. ಎಡಗಡೆ ಬಾಗಿಲ್ ಮೇಲೆ ನಿನ್ ಹೆಸರು ಹಾಕಿಸ್ತೀನಿ. ಕುಣಿಗಲ್ಲಲ್ಲಿ ನಾಲ್ಕು ಜನ ಓದ್ಲಿ."

ಹೂಂ ಅಂದೆ. ಹೆಸರಿಗಾಗಿಯೇ ಅಂದೆ, ಇನ್ನು ಮುಚ್ಚಿಡುವುದೇನು.

ನಾಲ್ಕು ತಿಂಗಳು ಭಾನುವಾರಗಳೆಲ್ಲ ಆ ಶೆಡ್ಡಿಗೆ ಹೋದವು. ತೂಕ ಇಳಿಸಬೇಕು ಅಂತ ಹಿಂದಿನ ಸೀಟು, ಕಾರ್ಪೆಟ್ಟು, ಎ.ಸಿ. ಎಲ್ಲ ಕಿತ್ತೆವು. ಹಿಂದಿನ ಸೀಟನ್ನು ಯೋಗಿಯ ತಾಯಿ ಕೌಸಲ್ಯಮ್ಮ ಜಗಲಿಗೆ ಹಾಕಿಸಿಕೊಂಡು, ಅದರ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಇಷ್ಟು ದುಡ್ಡು ಕೊಟ್ಟು ತಂದು ಎಲ್ಲಾ ಕಿತ್ತಾಕ್ತಾರಲ್ಲಪ್ಪ, ನಿನ್ ಫ್ರೆಂಡಿಗೆ ನೀನಾದ್ರೂ ಬುದ್ಧಿ ಹೇಳಬಾರ್ದಾ ಅಜ್ಮತ್ತೂ?" ಅಂತ ನನ್ನನ್ನೇ ಬೈದು, ಕಾಫಿ ಕೊಡುತ್ತಿದ್ದರು.

ಪೈಪು ಒಳ್ಳೇದೇ ಇತ್ತು, ಯೋಗಿ ಬೆಂಗಳೂರಿನಿಂದ ತರಿಸಿದ್ದ. ರಟ್ಟಿನಲ್ಲಿ ಅಚ್ಚು ತೆಗೆದು, ಬಗ್ಗಿಸಿ, ಒಂದು ಪೈಪಿನ ಬಾಯಿ ಇನ್ನೊಂದರ ಹೊಟ್ಟೆಗೆ ಕೂದಲೆಳೆ ಸಂದಿಲ್ಲದೆ ಕೂರುವಂತೆ ಅರೆದು, ಒಟ್ಟು ನಲವತ್ತೆರಡು ಕಡೆ ವೆಲ್ಡ್ ಮಾಡಿದೆ. ಆಮೇಲೆ ನನ್ನ ಕಸುಬಿನಲ್ಲಿ ಯಾರೇ ಆದರೂ ಮಾಡುವುದನ್ನು ಮಾಡಿದೆ. ಗ್ರೈಂಡಿಂಗ್ ಮಷೀನು ಹಿಡಿದು ಪ್ರತಿಯೊಂದು ವೆಲ್ಡಿಂಗಿನ ಉಬ್ಬನ್ನೂ ಉಜ್ಜಿ ಸಮ ಮಾಡಿದೆ. ಪುಟ್ಟಿ ಹಚ್ಚಿ, ಎಮರಿ ಕಾಗದ ತಿಕ್ಕಿ, ಬಿಳಿ ಬಣ್ಣ ಹೊಡೆದೆ. ವೆಲ್ಡಿಂಗ್ ಕಣ್ಣಿಗೆ ಬಿದ್ದರೆ ಅದು ಕೆಲಸ ಅಲ್ಲ, ಗಾಯ ಅನ್ನುತ್ತಿದ್ದರು ನಮ್ಮ ಅಬ್ಬಾ. ನಾನು ಉಜ್ಜಿದ ಮೂರೂ ಭಾನುವಾರ ಯೋಗಿ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದ. ಮುಗಿದ ಮೇಲೆ ಕೈಯಾಡಿಸಿ, "ಜಾಯಿಂಟ್ ಎಲ್ಲೈತೆ ಅಂತ್ಲೇ ಗೊತ್ತಾಗಲ್ಲ ಕಣ್ಲಾ" ಅಂದ. ಮೂವತ್ತೊಂದು ವರ್ಷದಲ್ಲಿ ನನಗೆ ಅಷ್ಟು ಸಂತೋಷ ಕೊಟ್ಟ ಮಾತು ಇನ್ನೊಂದಿಲ್ಲ.

ರೇಸಿನ ದಿನ ಬೆಳಿಗ್ಗೆ ಕಾರನ್ನು ಲಾರಿಗೆ ಏರಿಸಿ ಕುಣಿಗಲ್ಲಿಗೆ ಹೋದೆವು. ಎಡಬಾಗಿಲ ಮೇಲೆ ಹಳದಿ ಅಕ್ಷರದ ಸ್ಟಿಕ್ಕರು: 'ಕೆಲಸ: ಅಜ್ಮತುಲ್ಲಾ, ಶಿರಾ ಗೇಟ್, ತುಮಕೂರು.' ನನ್ನ ಹೆಂಡತಿ ಸಲೀಮಾಗೆ ಅದರ ಫೋಟೋ ಕಳಿಸಿದೆ. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದೆ.

ಓಡಿಸುವ ಮೊದಲು ಪ್ರತಿ ಕಾರನ್ನೂ ಪರೀಕ್ಷೆ ಮಾಡುತ್ತಾರೆ. ನಮ್ಮ ಸರದಿಗೆ ಬಂದವಳು ಅನನ್ಯ ಅನ್ನುವ ಇಪ್ಪತ್ತಾರು ಇಪ್ಪತ್ತೇಳರ ಎಂಜಿನಿಯರ್ ಹುಡುಗಿ. ಟಾರ್ಚು ಹಿಡಿದು ಬಲಗಡೆಯಿಂದ ಒಳಗೆ ತೂರಿದಳು. ಬೆರಳಾಡಿಸಿದಳು. ಹುಡುಕುತ್ತಿದ್ದಾಳೆ, ಸಿಗುತ್ತಿಲ್ಲ ಅಂತ ನಾನು ಹೊರಗೆ ನಿಂತು ಹಿಗ್ಗುತ್ತಿದ್ದೆ. ಆಮೇಲೆ ಅವಳು ಜೇಬಿನಿಂದ ಕೀ ತೆಗೆದು ಒಂದು ಜಾಯಿಂಟಿನ ಮೇಲೆ ಗೀರಿದಳು. ಪುಟ್ಟಿ ಹಕ್ಕಳೆ ಎದ್ದು ಬಿತ್ತು.

"ಇದೆಲ್ಲಾ ಉಜ್ಜಿಬಿಟ್ಟಿದಾರಲ್ಲ ಸಾರ್," ಅಂದಳು. "ಉಜ್ಜಿದ್ರೆ ವೆಲ್ಡಿಂಗ್ ತೆಳ್ಳಗಾಗುತ್ತೆ. ಪುಟ್ಟಿ ಹಾಕಿದ್ರೆ ಒಳಗೆ ಬಿರುಕಿದ್ರೂ ನಮಗೆ ಕಾಣಲ್ಲ. ರೂಲ್ ಬುಕ್ಕಲ್ಲೇ ಇದೆ." ಯೋಗಿಯ ಕೈಲಿದ್ದ ಪುಸ್ತಕವನ್ನೇ ಇಸಕೊಂಡು ಪುಟ ತೆಗೆದು ತೋರಿಸಿದಳು. ನನಗೆ ಆ ಇಂಗ್ಲಿಷು ಓದಲು ಬರುವುದಿಲ್ಲ. ಆದರೆ ಪಕ್ಕದ ಪುಟ ಕಾಣಿಸಿತು. ಅಲ್ಲಿ ಡ್ರೈವರಿನ ಗ್ಲೌಸು, ಶೂಸು, ಸೂಟಿನ ಚಿತ್ರಗಳಿದ್ದವು, ಯೋಗಿ ಅವಕ್ಕೆಲ್ಲ ಮಾರ್ಕರಿನಲ್ಲಿ ಬಣ್ಣ ಬಳಿದಿದ್ದ. ಅವಳು ತೋರಿಸಿದ ಪುಟ ಮಾತ್ರ ಒಂದು ಗೆರೆಯೂ ಬೀಳದೆ ಹೊಚ್ಚಹೊಸದಾಗಿತ್ತು.

"ಈ ಕಾರು ಓಡಿಸೋಕೆ ಬಿಡಕ್ಕಾಗಲ್ಲ ಸಾರ್, ಸಾರಿ. ಯಾರು ವೆಲ್ಡ್ ಮಾಡಿದ್ದು?"

ಸುತ್ತ ಹತ್ತು ಹದಿನೈದು ಜನ ಸೇರಿದ್ದರು, ಹೊಸ ಸೂಟು ಹಾಕಿಕೊಂಡ ಯೋಗಿಯ ಮುಖ ಕಾರಿಗಿಂತ ಕೆಂಪಾಗಿತ್ತು. ಅವನು ನನ್ನ ಕಡೆ ನೋಡಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ ಸರಿದು ಎಡಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಹಳದಿ ಅಕ್ಷರಗಳೆಲ್ಲ ಅವನ ಬೆನ್ನ ಹಿಂದೆ ಹೋದವು.

"ಯಾರೋ ಗೇಟು ಗ್ರಿಲ್ಲು ಮಾಡೋನು ಮೇಡಂ," ಅಂದ. "ನಾನ್ ಹೇಳಿದ್ದೇ ಒಂದು, ಅವನು ಮಾಡಿದ್ದೇ ಒಂದು."

ಹುಡುಗಿ ನನ್ನ ಕಡೆ ನೋಡಿದಳು. ನನ್ನ ಕೈಲಿ ಅವನ ಹೆಲ್ಮೆಟ್ಟಿತ್ತು. "ಇವರು?"

"ನಮ್ ಜೊತೆ ಬಂದವ್ರೆ, ಹೆಲ್ಪಿಗೆ."

ಅಲ್ಲಿ ನಾನು ಬಾಯಿ ಬಿಡಬೇಕಿತ್ತು. ನಾನೇ ಮಾಡಿದ್ದು, ತಪ್ಪು ನಂದೇ, ಗೊತ್ತಿರಲಿಲ್ಲ ತಾಯಿ ಅನ್ನಬೇಕಿತ್ತು. ಅನ್ನಲಿಲ್ಲ. ಅವನು ನನ್ನನ್ನು ಬಿಟ್ಟುಕೊಟ್ಟ, ನಾನು ನನ್ನ ಕೈಯನ್ನೇ ಬಿಟ್ಟುಕೊಟ್ಟೆ. ಹೆಲ್ಮೆಟ್ಟು ಹಿಡಿದುಕೊಂಡು ಹೆಲ್ಪಿಗೆ ಬಂದವನ ಹಾಗೇ ನಿಂತಿದ್ದೆ.

ವಾಪಸು ಬರುವಾಗ ಲಾರಿಯಲ್ಲಿ ಡ್ರೈವರ್ ಬೆಟ್ಟಸ್ವಾಮಿಯ ಪಕ್ಕ ಇಬ್ಬರೂ ಒತ್ತಿಕೊಂಡು ಕೂತಿದ್ದೆವು. ಸುಮಾರು ದೂರ ಬಂದ ಮೇಲೆ ಯೋಗಿ ನನ್ನ ತೊಡೆ ತಟ್ಟಿ, "ಆ ಟೈಮಲ್ಲಿ ಏನೋ ಬಾಯಿಗ್ ಬಂತು, ತಲೇಗ್ ಹಾಕ್ಕೋಬೇಡ ಕಣೋ. ಮೂರು ತಿಂಗಳಿಗೆ ಇನ್ನೊಂದು ರೇಸೈತೆ. ಕಿತ್ತಾಕಿ ಹೊಸದಾಗಿ ಮಾಡ್ಬುಡು," ಅಂದ. ಗೆದ್ದೆತ್ತಿನ ಬಾಲ ಹಿಡಿಯುವ ಜನರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸೋತ ದಿನ ಬಾಲ ಬಿಟ್ಟು, ಮಾರನೇ ದಿನಕ್ಕೆ ಮತ್ತೆ ಹಿಡಿಯುವವನನ್ನು ಅವತ್ತೇ ನೋಡಿದ್ದು.

ಬೇರೆ ಯಾರ ಕೈಲಾದರೂ ಮಾಡಿಸಿಕೋ ಅನ್ನಬಹುದಿತ್ತು. ಸಲೀಮಾ ಹಾಗೇ ಹೇಳು ಅಂದಳು. ಆದರೆ ಆ ಪಂಜರದೊಳಗೆ ಕೂರುವ ಕತ್ತು, ಹದಿಮೂರನೇ ವಯಸ್ಸಿನಲ್ಲಿ ನನ್ನ ಪಕ್ಕ ಬಗ್ಗಿ ಕಾಪಿ ಹೊಡೆಯುತ್ತಿದ್ದ ಕತ್ತು. ಅದನ್ನು ಇನ್ನೊಬ್ಬನ ಕೈಗೆ ಬಿಡಲು ಮನಸ್ಸು ಬರಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು ಬಂತು, ಆದರೂ ಹೋದೆ.

ಒಂದು ವಾರ ಹಳೆಯದನ್ನು ಕತ್ತರಿಸಿ ತೆಗೆದೆ. ಮತ್ತೆ ನಲವತ್ತೆರಡು ಕಡೆ ವೆಲ್ಡ್ ಮಾಡಿದೆ. ಈ ಸಲ ಗ್ರೈಂಡಿಂಗ್ ಮಷೀನನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ. ಉಬ್ಬುಗಳೆಲ್ಲ ಹಾಗೇ ಕಾಣುತ್ತಿದ್ದವು, ನನ್ನ ಕಣ್ಣಿಗೆ ಚುಚ್ಚುತ್ತಿದ್ದವು. ಕೊನೆಯ ದಿನ ಎಡಬಾಗಿಲ ಸ್ಟಿಕ್ಕರನ್ನು ಬ್ಲೇಡಿನಲ್ಲಿ ಎಬ್ಬಿಸಿ ತೆಗೆದೆ. ಉಳಿದ ಅಂಟನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಅಲ್ಲಿ ಏನಿತ್ತು ಅಂತ ಗೊತ್ತಾಗದ ಹಾಗೆ ಒರೆಸಿದೆ. ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ.

ಯೋಗಿ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದ. ಬಗ್ಗಿ ಒಳಗೆ ನೋಡಿ ತಲೆಯಾಡಿಸಿದ. ಆಮೇಲೆ ಬಾಗಿಲ ಹತ್ತಿರ ನಿಂತು, "ಸ್ಟಿಕ್ಕರ್ ಎಲ್ಲೋ?" ಅಂದ.

ನಾನು ಕೈ ತೊಳೆದು ಟವೆಲ್ಲಿನಲ್ಲಿ ಒರೆಸಿಕೊಳ್ಳುತ್ತಿದ್ದೆ.

"ಗಾಡಿ ರೆಡಿ ಆಗಿದೆ ಸಾರ್," ಅಂದೆ. "ಒಂದ್ಸಲ ಚೆಕ್ ಮಾಡ್ಕೊಂಡ್ಬಿಡಿ."

ಅವನು ನಕ್ಕ. "ಏನ್ಲಾ ಇದು ಹೊಸ್ದು, ನಂಗೆ ಸಾರ್ ಅಂತೆ?"

"ಗೇಟ್ ಮಾಡೋರು ಎಲ್ರಿಗೂ ಸಾರ್ ಅಂತ್ಲೇ ಅನ್ನೋದು. ನಾನಿನ್ನು ಬರ್ತೀನಿ ಸಾರ್."

ಅವನ ನಗು ನಿಂತಿತು. ಜಗಲಿಯಿಂದ ಕೌಸಲ್ಯಮ್ಮ, ಕಾಫಿ ಕುಡ್ಕೊಂಡು ಹೋಗೋ ಅಜ್ಮತ್ತೂ ಅಂತ ಕೂಗುತ್ತಿದ್ದರು. ನಾನು ಬ್ಯಾಗು ಎತ್ತಿಕೊಂಡು ಹೊರಗೆ ಬಂದು ಗೇಟು ಎಳೆದೆ. ಅದು ಸದ್ದಿಲ್ಲದೆ ಮುಚ್ಚಿಕೊಂಡಿತು.